ಹಕ್ಕೋ, ಮರ್ಜಿಯೋ?

ಪ್ರಾಂತಗಳ ಕೈಗೆ ಅಧಿಕಾರ ಬಂದರೆ ದೇಶವೇ ಒಡೆದೀತೆಂದು ಹೆದರಿಸುವ ಪಂಡಿತರಿಗೆ ನಮ್ಮಲ್ಲಿ ಎಂದೂ ಬರವಿಲ್ಲ. ಮನೆಯ ಬೀಗದ ಕೈಗಳೆಲ್ಲವೂ ಒಬ್ಬನ ಸೊಂಟದಲ್ಲಿ ತೂಗುವುದೇ ಐಕ್ಯವೆಂದು ಇವರ ಭಾವನೆ. ಇತಿಹಾಸದ ಸಾಕ್ಷ್ಯವು ಇದಕ್ಕೆ ತೀರ ವಿರುದ್ಧವಾಗಿದೆ.

ಪಾಕಿಸ್ತಾನವನ್ನು ನೋಡಿರಿ. ಬಂಗಾಲಿ ನುಡಿಗೆ ಸ್ಥಾನ ಬೇಡಿದ ವಿದ್ಯಾರ್ಥಿಗಳ ಮೇಲೆ 1952ರಲ್ಲಿ ಢಾಕಾದಲ್ಲಿ ಗುಂಡು ಹಾರಿತು. ಬಂಗಾಲಿಗಳ ಬಹುಸಂಖ್ಯೆಯನ್ನು ಸರಿದೂಗಿಸಲೆಂದು 1955ರಲ್ಲಿ ಪಶ್ಚಿಮದ ಪ್ರಾಂತಗಳನ್ನೆಲ್ಲ ಅಳಿಸಿ ಒಂದೇ ಘಟಕವನ್ನಾಗಿ ಮಾಡಿದರು. 1971ರಲ್ಲಿ ಆ ರಾಷ್ಟ್ರವೇ ಎರಡಾಯಿತು. ಭಾರತವಾದರೋ 1956ರಲ್ಲಿ ಭಾಷಾವಾರು ರಾಜ್ಯಗಳನ್ನು ರಚಿಸಿತು. ಐದು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡಿಗರು ನವೆಂಬರ್ 1ರಂದು ಬಹುಮಟ್ಟಿಗೆ ಒಂದಾದರು. ಒಡೆದುದು ಯಾವುದು, ಉಳಿದುದು ಯಾವುದು?

ಆದರೂ ನಾವು ತೃಪ್ತರಾಗಿ ಕೂಡ್ರುವಂತಿಲ್ಲ. ನಮ್ಮ ರಾಜ್ಯಘಟನೆಯ 3ನೆಯ ಕಲಮಿನಂತೆ ಸಂಸತ್ತು ಸಾಮಾನ್ಯ ಬಹುಮತದಿಂದಲೇ ಯಾವ ರಾಜ್ಯದ ಎಲ್ಲೆಯನ್ನಾಗಲಿ ಹೆಸರನ್ನಾಗಲಿ ಬದಲಿಸಬಲ್ಲದು. ಆ ರಾಜ್ಯದ ವಿಧಾನಮಂಡಲದ ಅಭಿಪ್ರಾಯವನ್ನು ಕೇಳಿದರೆ ಸಾಕು, ಒಪ್ಪಿಗೆ ಬೇಕಿಲ್ಲ. 2019ರಲ್ಲಿ ಜಮ್ಮು ಮತ್ತು ಕಾಶ್ಮೀರ ರಾಜ್ಯವನ್ನು ಎರಡು ಕೇಂದ್ರಾಡಳಿತ ಪ್ರದೇಶಗಳನ್ನಾಗಿ ಮಾಡಿದಾಗ ಅಲ್ಲಿಯ ವಿಧಾನಸಭೆ ವಿಸರ್ಜಿತವಾಗಿತ್ತು. ಈ ಕಲಮೇ ನಮ್ಮ ಏಕೀಕರಣಕ್ಕೆ ದಾರಿ ಮಾಡಿತಲ್ಲವೆ ಎಂದು ಕೇಳುವವರುಂಟು. ನಿಜ. ಆದರೆ ಕೊಟ್ಟ ಕೈಯೇ ಮನಬಂದಾಗ ಕಸಿಯಬಲ್ಲದಾದರೆ, ಕೊಟ್ಟುದು ಹಕ್ಕಲ್ಲ, ಮರ್ಜಿ. ಒಡೆಯನ ಮರ್ಜಿಯ ಮೇಲೆ ಉಳಿದ ಗೇಣಿದಾರನು ಹೊಲದಲ್ಲಿ ಬಾವಿ ತೋಡುವನೆ?

ಸ್ವಿಜರ್ಲೆಂಡಿನ ಮಾರ್ಗವೇ ಬೇರೆ. ಜರ್ಮನ್ ನುಡಿಯವರೇ ಹೆಚ್ಚಾಗಿರುವ ಬರ್ನ್ ಪ್ರಾಂತದಲ್ಲಿದ್ದ ಫ್ರೆಂಚ್ ನುಡಿಯ ಜುರಾ ಜನರು ಸ್ವಂತ ಪ್ರಾಂತವನ್ನು ಬೇಡಿದರು. ಮೊದಲು ಆ ಪ್ರದೇಶದವರ ಮತವನ್ನೂ 1978ರಲ್ಲಿ ಇಡೀ ದೇಶದ ಮತವನ್ನೂ ಪಡೆದು, 1979ರಲ್ಲಿ ಜುರಾ ಪ್ರಾಂತವನ್ನು ಸ್ಥಾಪಿಸಿದರು. ದೇಶ ಒಡೆಯಲಿಲ್ಲ.

ಸಂಯುಕ್ತ ರಾಜ್ಯಪದ್ಧತಿಯ ತಿರುಳು ಇಷ್ಟೇ: ಘಟಕಕ್ಕೂ ಕೇಂದ್ರಕ್ಕೂ ಕಾಯಿದೆಯಿಂದ ಗೊತ್ತಾದ ಅಧಿಕಾರವಿರಬೇಕು, ಒಬ್ಬರದನ್ನು ಇನ್ನೊಬ್ಬರು ತಾವಾಗಿಯೇ ಕಸಿಯಲಾಗದು. ಜಗತ್ತಿನ ವ್ಯವಹಾರಕ್ಕೂ ಈ ಮಾತು ಸಲ್ಲುತ್ತದೆ. 1920ರಲ್ಲಿ ಹುಟ್ಟಿದ ರಾಷ್ಟ್ರಸಂಘಕ್ಕೆ ಸ್ವಂತ ಬಲವಿರಲಿಲ್ಲ. 1935ರಲ್ಲಿ ಇಟಲಿಯು ಅಬಿಸೀನಿಯದ ಮೇಲೆ ಬಿದ್ದಾಗ ಅದನ್ನು ತಡೆಯಲಾರದೆ ಹೋಯಿತು. 1945ರ ಸಂಯುಕ್ತ ರಾಷ್ಟ್ರಸಂಘದಲ್ಲಿ ಐದೇ ರಾಷ್ಟ್ರಗಳಿಗೆ ನಿಷೇಧಾಧಿಕಾರವಿದೆ. ಉಳಿದವರ ನ್ಯಾಯವು ಆ ಐವರ ಮರ್ಜಿಯಲ್ಲಿ ನಿಂತಿದೆ.

ಮನೆ ಗೆದ್ದು ಮಾರು ಗೆಲ್ಲಬೇಕು. ಐವರ ಮರ್ಜಿಯನ್ನು ನಾವು ಜಗತ್ತಿನ ಸಭೆಯಲ್ಲಿ ಖಂಡಿಸಬೇಕಾದರೆ, ಮೊದಲು ಮನೆಯೊಳಗಿನ ಮರ್ಜಿಯನ್ನು ತೊಲಗಿಸೋಣ. ಸಂಬಂಧಪಟ್ಟ ಪ್ರದೇಶದ ಜನರ ಒಪ್ಪಿಗೆಯಿಲ್ಲದೆ ಅವರ ಎಲ್ಲೆ ಕದಲಬಾರದೆಂದು ಆ 3ನೆಯ ಕಲಮು ತಿದ್ದುಪಡಿಯಾಗಲಿ. ಶಿಕ್ಷಕ ಬಂಧುಗಳೇ, ನಾಡಿನ ನಕಾಶೆಯನ್ನು ಮಕ್ಕಳ ಮುಂದೆ ಬಿಡಿಸುವಾಗ ಈ ಮಾತನ್ನೂ ತಿಳಿಸಿರಿ: ಗೆರೆಯನ್ನು ಎಳೆದವರಾರೆಂಬುದಕ್ಕಿಂತ ಅದನ್ನು ಅಳಿಸಬಲ್ಲವರಾರೆಂಬುದೇ ದೊಡ್ಡ ಪ್ರಶ್ನೆ.