ಆಕಾಶದಿಂದ ಬಿದ್ದಿತೆಂಬ ಲೋಹದ ವಿಚಾರ

ಸಿಡಿಲು ಬಡಿದು ಅಪೂರ್ವಶಕ್ತಿಯನ್ನು ಪಡೆದ ತಾಮ್ರದ ಚೆಂಬೊಂದುಂಟು, ಅದು ಅಕ್ಕಿಯ ಕಾಳುಗಳನ್ನು ತನ್ನೆಡೆಗೆ ಸೆಳೆಯುವುದು, ಅಮೆರಿಕದ ನಾಸಾ ಸಂಸ್ಥೆಯವರು ಅದನ್ನು ಕೋಟ್ಯಂತರ ರೂಪಾಯಿಗೆ ಕೊಳ್ಳುವರು ಎಂದು ಹೇಳಿಕೊಂಡು ಬರುವ ವಂಚಕರ ಸಮಾಚಾರವನ್ನು ವೃತ್ತಪತ್ರಿಕೆಗಳಲ್ಲಿ ಓದದವರು ವಿರಳ. ‘ರೈಸ್ ಪುಲ್ಲಿಂಗ್’ ಎಂದು ಇದಕ್ಕೆ ಹೆಸರು. ಇದರ ಗುಟ್ಟು ಬಹು ಸಣ್ಣದು: ಚೆಂಬಿನೊಳಗೆ ಅಯಸ್ಕಾಂತ, ಅಕ್ಕಿಗೆ ಕಬ್ಬಿಣದ ಪುಡಿ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಮಾರಿ ತಂದ ಹಣವೂ, ಮಗಳ ವಿದ್ಯೆಗೆಂದು ತೆಗೆದಿಟ್ಟ ಒಡವೆಯೂ ಇಂಥ ಚೆಂಬಿನ ಪಾಲಾಗಬಾರದೆಂಬುದೇ ಈ ಲೇಖನಕ್ಕೆ ಕಾರಣ.

ಆಕಾಶದಿಂದ ಏನೂ ಬೀಳುವುದಿಲ್ಲವೆಂದು ನಾನು ಹೇಳುತ್ತಿಲ್ಲ. 1865ರಲ್ಲಿ ಮೈಸೂರು ಸೀಮೆಯ ಮದ್ದೂರಿನಲ್ಲಿಯೂ 1866ರಲ್ಲಿ ಉಡುಪಿಯಲ್ಲಿಯೂ ಉಲ್ಕಾಶಿಲೆಗಳು ಬಿದ್ದುವು. ಇಂಥ ಕಲ್ಲಿಗೆ ಕರಗಿ ಕಪ್ಪಾದ ತೆಳು ಹೊರಪದರವಿರುವುದು. ಒಳಗಿನ ಕಬ್ಬಿಣದಲ್ಲಿ ನಿಕ್ಕಲ್ ಬೆರೆತಿರುವುದು. ಅಯಸ್ಕಾಂತಕ್ಕೆ ಅಂಟಿದ ಮಾತ್ರಕ್ಕೆ ಉಲ್ಕೆಯೆನ್ನಲಾಗದು. ಕುಲುಮೆಯ ಕಿಟ್ಟವೂ ಅಂಟುವುದುಂಟು.

‘ಹಾರುವ ತಟ್ಟೆ’ಗಳ ವಿಷಯದಲ್ಲಿ ಬಹು ಪ್ರಸಿದ್ಧವಾದ ಸಾಕ್ಷ್ಯವೊಂದಿದೆ. 1957ರಲ್ಲಿ ಬ್ರೆಜಿಲ್ ದೇಶದ ಪತ್ರಿಕಾ ಲೇಖಕರಾದ ಇಬ್ರಾಹಿಂ ಸುಯೆದ್ ಎಂಬವರಿಗೆ ಗುರುತಿಲ್ಲದವನೊಬ್ಬನ ಪತ್ರದೊಡನೆ ಲೋಹದ ಚೂರುಗಳು ಬಂದುವು. ಉಬಾಟುಬಾ ಕಡಲತೀರದಲ್ಲಿ ತಟ್ಟೆಯೊಂದು ಸಿಡಿದು ಬಿದ್ದ ಚೂರುಗಳಿವು ಎಂದು ಪತ್ರದ ಒಕ್ಕಣೆ. ಪರೀಕ್ಷಿಸಲು ಅದು ಮೆಗ್ನೀಸಿಯಂ ಎಂದು ತಿಳಿದುಬಂದಿತು. ಇಷ್ಟು ಶುದ್ಧವಾದುದು ಭೂಲೋಕದಲ್ಲಿಯೇ ಇಲ್ಲವೆಂದು ಕೆಲವರು ಸಾರಿದರು. 1960ರ ದಶಕದಲ್ಲಿ ಕೊಲರಾಡೊ ವಿಶ್ವವಿದ್ಯಾನಿಲಯದ ಕಾಂಡನ್ ಸಮಿತಿಯವರು ನ್ಯೂಟ್ರಾನುಗಳ ಮೂಲಕ ಪುನಃ ಪರೀಕ್ಷೆ ಮಾಡಿಸಲಾಗಿ, ಸ್ಟ್ರಾಂಷಿಯಂ ಮೊದಲಾದ ಬೆರಕೆಗಳು ಕಂಡುಬಂದುವು. ಹೋಲಿಕೆಗೆಂದು ತಂದ ಡೌ ಕಂಪೆನಿಯ ಮೆಗ್ನೀಸಿಯಂ ಇದಕ್ಕಿಂತಲೂ ಶುದ್ಧವಾಗಿತ್ತು!

ನನ್ನ ಅಭಿಪ್ರಾಯದಲ್ಲಿ, ಇದು ಯಾವ ಲೋಹ, ಎಷ್ಟು ಶುದ್ಧ ಎಂಬುದನ್ನಷ್ಟೇ ರಸಾಯನಶಾಸ್ತ್ರಜ್ಞನು ಹೇಳಬಲ್ಲನು. ಯಾರ ಕೈಯಿಂದ ಬಂದಿತು, ಬಿದ್ದುದನ್ನು ಕಂಡವರು ಯಾರು ಎಂಬುದನ್ನು ಪರೀಕ್ಷಾನಳಿಕೆಯು ಹೇಳಲಾರದು. ಆ ಪ್ರಶ್ನೆಗಳನ್ನು ಕೇಳುವುದಕ್ಕೆ ಪದವಿ ಬೇಕಿಲ್ಲ. ಚಿಂತಾಮಣಿಯ ಸಂತೆಯಲ್ಲಿ ತೊಗರಿಬೇಳೆ ಕೊಳ್ಳುವ ಗೃಹಿಣಿಯು ದಿನವೂ ಕೇಳುತ್ತಿರುವಳಷ್ಟೆ.

ಇಂಥ ಪ್ರಶ್ನೆಯಿಂದ ಹೆಣ್ಣುಮಕ್ಕಳ ಭಕ್ತಿ ಕೆಡುವುದೆಂದು ಹಿರಿಯರು ಕೆಲವರು ಅಂಜುವರು. ಗಾಯವನ್ನು ಮುಟ್ಟಿ ನೋಡದೆ ನಂಬೆನೆಂದ ತೋಮನನ್ನು ಕರ್ತನು ಹೊರಗೆ ಅಟ್ಟಲಿಲ್ಲ; ಕೈ ಚಾಚೆಂದನು.

ಆದಕಾರಣ ಪೂರ್ವವಿದ್ಯಾರ್ಥಿನಿಯರಲ್ಲಿಯೂ ಪೋಷಕರಲ್ಲಿಯೂ ನನ್ನದೊಂದು ಬಿನ್ನಹ. ಶಾಲೆಗೆ ಕಾಣಿಕೆ ಕೊಡುವಾಗ ಗೋಡೆಗಡಿಯಾರಗಳು ಈಗಾಗಲೇ ಸಾಕಷ್ಟಾಗಿವೆ ಎಂಬುದನ್ನು ನೆನೆಯಿರಿ. ಪ್ರಯೋಗಶಾಲೆಗೆ ತಕ್ಕಡಿ, ಅಯಸ್ಕಾಂತ, ಆಮ್ಲಗಳನ್ನು ಕೊಡಿಸಿರಿ. ಉಪಾಧ್ಯಾಯಿನಿಯು ಮಾಡಿ ತೋರಿಸುವುದು ಸಾಲದು, ಬಾಲಕಿಯರು ಕೈಯಾರೆ ಮಾಡಬೇಕು. ಗೌರಿಬಿದನೂರಿನ ಬಳಿ 1976ರಲ್ಲಿ ಕಾರ್ಯಾರಂಭ ಮಾಡಿದ ರೇಡಿಯೋ ವೀಕ್ಷಣಾಲಯವಿದೆ. ಸೂರ್ಯನಿಂದ ಬರುವ ಅಲೆಗಳನ್ನು ಅಲ್ಲಿ ಹಿಡಿದು ಅಳೆದು ಬರೆದಿಡುತ್ತಾರೆ. ಅಧಿಕಾರಿಗಳ ಅನುಮತಿಯನ್ನು ಕೋರಿ, ವರ್ಷಕ್ಕೊಮ್ಮೆ ಮೇಲಿನ ತರಗತಿಯವರನ್ನು ಅಲ್ಲಿಗೆ ಕರೆದುಕೊಂಡು ಹೋಗುವ ವೆಚ್ಚವನ್ನು ಪೂರ್ವವಿದ್ಯಾರ್ಥಿನಿಯರೇ ವಹಿಸಿಕೊಳ್ಳಬಹುದು.