ಎದೆಹಾಲಿನ ಹೊಣೆ ತಾಯಿಯೊಬ್ಬಳದೇ?

ಪ್ರತಿವರ್ಷ ಆಗಸ್ಟ್ 1ರಿಂದ 7ರ ತನಕ ವಿಶ್ವ ಸ್ತನ್ಯಪಾನ ಸಪ್ತಾಹವನ್ನು ಆಚರಿಸಲಾಗುತ್ತದೆ. ಆಸ್ಪತ್ರೆಗಳ ಗೋಡೆಗಳ ಮೇಲೆ ಭಿತ್ತಿಪತ್ರಗಳು ಕಾಣಿಸಿಕೊಳ್ಳುತ್ತವೆ, ಭಾಷಣಗಳಾಗುತ್ತವೆ. ಅವೆಲ್ಲವೂ ತಾಯಿಯನ್ನೇ ಉದ್ದೇಶಿಸಿ ಮಾತಾಡುತ್ತವೆ: ಹಾಲುಣಿಸು, ಮರೆಯಬೇಡ, ಸೋಮಾರಿಯಾಗಬೇಡ. ನಮ್ಮ ಮಿಂಬರ್‌ಗಳಲ್ಲಿ ಈ ವಿಷಯ ಪ್ರಸ್ತಾಪವಾಗುವುದೇ ಅಪರೂಪ. ಆದಾಗಲೂ ಅಲ್‌ಬಕರ ಅಧ್ಯಾಯದ 233ನೆಯ ಸೂಕ್ತದ ಮೊದಲ ಭಾಗವನ್ನಷ್ಟೇ ಉದ್ಧರಿಸಿ, ಎರಡು ವರ್ಷ ಹಾಲುಣಿಸುವುದು ತಾಯಂದಿರ ಕೆಲಸವೆಂದು ಹೇಳಿ ಮುಗಿಸಲಾಗುತ್ತದೆ. ಆ ಸೂಕ್ತವನ್ನು ಪೂರ್ತಿಯಾಗಿ ಓದಿ ಅದರಂತೆ ನಡೆದ ಗಂಡಸರು ನಮ್ಮಲ್ಲಿ ಎಷ್ಟು ಮಂದಿಯಿದ್ದಾರೆ ಎಂಬುದೇ ನಮ್ಮ ಪ್ರಶ್ನೆ.

ಆ ಸೂಕ್ತವು ಹಾಲೂಡಿಕೆಯ ಅವಧಿಯನ್ನು ಸೂಚಿಸಿದ ಬೆನ್ನಲ್ಲೇ ತಂದೆಯ ಕಡೆಗೆ ತಿರುಗುತ್ತದೆ. ತಾಯಿಯ ಅನ್ನ ಮತ್ತು ಬಟ್ಟೆಯ ಹೊಣೆಯನ್ನು ಆತನ ಮೇಲೆ ಹೊರಿಸುತ್ತದೆ. ಮಗುವಿನ ನೆಪದಲ್ಲಿ ತಾಯಿಯನ್ನಾಗಲಿ ತಂದೆಯನ್ನಾಗಲಿ ಪೀಡಿಸಬಾರದೆಂದು ಎಚ್ಚರಿಸುತ್ತದೆ. ತಂದೆ ಇಲ್ಲದಿದ್ದರೆ ಆತನ ವಾರಸುದಾರರ ಮೇಲೂ ಇದೇ ಹೊಣೆಯಿದೆ ಎನ್ನುತ್ತದೆ. ಹಾಲು ಬಿಡಿಸುವ ತೀರ್ಮಾನವನ್ನೂ ಗಂಡನ ಏಕಪಕ್ಷೀಯ ಆಜ್ಞೆಗಾಗಲಿ ಅತ್ತೆಯ ಹಟಕ್ಕಾಗಲಿ ಬಿಡದೆ, ದಂಪತಿಯ ಪರಸ್ಪರ ಒಪ್ಪಿಗೆ ಮತ್ತು ಸಮಾಲೋಚನೆಗೆ ಒಪ್ಪಿಸುತ್ತದೆ. ಒಂದು ಶಿಶುವಿನ ಹಸಿವಿನ ಸುತ್ತ ಇಡೀ ಕುಟುಂಬದ ಕರ್ತವ್ಯಗಳನ್ನು ಜೋಡಿಸಿದ ಸೂಕ್ತವಿದು. ನಾವಾದರೋ ಅದರ ಒಂದು ತುಂಡನ್ನು ತಾಯಿಯ ಹೆಗಲಿಗೇರಿಸಿ, ಉಳಿದುದನ್ನು ಕಪಾಟಿನಲ್ಲಿಟ್ಟಿದ್ದೇವೆ.

ಇಂದಿಗೂ ನಮ್ಮ ಎಷ್ಟೋ ಮನೆಗಳಲ್ಲಿ ಮಗು ಹುಟ್ಟಿದ ಕೂಡಲೇ ಮೊದಲು ಕೊಡುವುದು ಜೇನು, ಸಕ್ಕರೆ ನೀರು ಅಥವಾ ಘುಟ್ಟಿ. ಮೊದಲ ದಿನಗಳ ದಪ್ಪನೆಯ ಹಳದಿ ಹಾಲನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲುವ ಹಿರಿಯರು ಇನ್ನೂ ಇದ್ದಾರೆ. ಆ ಹಾಲಿನಲ್ಲಿರುವ ರೋಗನಿರೋಧಕ ಅಂಶಗಳು ಮಗುವಿಗೆ ಮೊದಲ ಲಸಿಕೆಯಿದ್ದಂತೆ ಎಂದು ವೈದ್ಯಶಾಸ್ತ್ರವು ಹೇಳುತ್ತದೆ. ಅದನ್ನು ಒಪ್ಪಲು ಆಧುನಿಕ ವೈದ್ಯರೇ ಬೇಕೆಂದಿಲ್ಲ. ಕರಾವಳಿಯ ಮುಸ್ಲಿಮರು ಅನುಸರಿಸುವ ಶಾಫಿಈ ಮದ್‌ಹಬ್‌ನ ವಿದ್ವಾಂಸರು ಈ ಮೊದಲ ಹಾಲನ್ನು ಉಣಿಸುವುದು ತಾಯಿಗೆ ಕಡ್ಡಾಯವೆಂದು ಶತಮಾನಗಳ ಹಿಂದೆಯೇ ಬರೆದಿಟ್ಟಿದ್ದಾರೆ. ಅದಿಲ್ಲದೆ ಶಿಶು ಬದುಕುವುದು ಕಷ್ಟವೆಂಬುದು ಅವರು ಕೊಟ್ಟ ಕಾರಣ. ನಮಾಝಿನಲ್ಲಿ ಕೈ ಎಲ್ಲಿ ಕಟ್ಟಬೇಕೆಂಬ ಬಗ್ಗೆ ಮದ್‌ಹಬ್‌ನ ಹೆಸರಿನಲ್ಲಿ ಮಸೀದಿಯನ್ನೇ ಎರಡು ಮಾಡಬಲ್ಲ ನಾವು, ಅದೇ ಮದ್‌ಹಬ್‌ನ ಈ ವಿಧಿಯನ್ನು ಹೆರಿಗೆ ಕೋಣೆಯಲ್ಲಿ ಚರಂಡಿಗೆ ಚೆಲ್ಲುತ್ತಿದ್ದೇವೆ!

ಖರ್ಜೂರದ ತಹ್ನೀಕ್ ಪ್ರವಾದಿ(ಸ)ಯವರ ಚರ್ಯೆಯಲ್ಲವೇ ಎಂದು ಕೆಲವರು ಕೇಳಬಹುದು. ಹೌದು. ಆದರೆ ಅದು ಅಂಗುಳಿಗೆ ಸವರುವ ಒಂದು ಲೇಶ ಮಾತ್ರ. ತಾಯಿಯ ಎದೆಯಿಂದ ಮಗುವನ್ನು ಗಂಟೆಗಟ್ಟಲೆ ದೂರವಿಡಲು ಅದು ಪರವಾನಗಿಯಲ್ಲ. ಇನ್ನು ಜೇನಂತೂ ಒಂದು ವರ್ಷ ತುಂಬದ ಮಗುವಿಗೆ ಕೊಡಲೇಬಾರದ ವಸ್ತು. ಅದರಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಾಣು ಎಳೆಯ ಕರುಳಿನಲ್ಲಿ ಬೆಳೆದು ನರಗಳನ್ನೇ ನಿಷ್ಕ್ರಿಯಗೊಳಿಸಬಲ್ಲುದು.

ಎರಡನೆಯ ಅನ್ಯಾಯವು ಮೂರನೆಯ ದಿನ ಆರಂಭವಾಗುತ್ತದೆ. ಮಗು ಅಳುತ್ತದೆ. ನೋಡಲು ಬಂದವರಲ್ಲಿ ಒಬ್ಬರು ತೀರ್ಪು ಕೊಡುತ್ತಾರೆ: ಇವಳಿಗೆ ಹಾಲಿಲ್ಲ. ಅಷ್ಟರಲ್ಲಿ ಯಾರೋ ಪುಡಿಹಾಲಿನ ಡಬ್ಬ ತಂದಾಗಿರುತ್ತದೆ. ಎದೆಹಾಲು ಕೊಡದಲ್ಲಿ ತುಂಬಿಟ್ಟ ನೀರಲ್ಲ; ಮಗು ಹೀರಿದಷ್ಟೂ ಅದು ಹೆಚ್ಚುತ್ತದೆ. ಡಬ್ಬದ ಹಾಲು ಕುಡಿದ ಮಗು ಎದೆಯನ್ನು ಕಡಿಮೆ ಹೀರುತ್ತದೆ, ಕಡಿಮೆ ಹೀರಿದ್ದರಿಂದ ಹಾಲು ಇಳಿಯುತ್ತದೆ. ಹದಿನೈದು ದಿನಗಳಲ್ಲಿ ಆ ತೀರ್ಪು ನಿಜವಾಗಿಬಿಡುತ್ತದೆ. ಹುಟ್ಟಿದ ಮೊದಲ ದಿನ ಮಗುವಿನ ಹೊಟ್ಟೆಗೆ ಒಂದು ಸಲಕ್ಕೆ ಬೇಕಾಗುವುದು ಕೆಲವೇ ಮಿಲಿಲೀಟರ್ ಹಾಲು ಎಂಬುದನ್ನು ಆ ಕೋಣೆಯಲ್ಲಿ ನೆರೆದ ಯಾರೂ ಹೇಳುವುದಿಲ್ಲ.

ಹೇಳಬೇಕಾದುದಾದರೂ ಎಷ್ಟು? ದಿನಕ್ಕೆ 8ರಿಂದ 12 ಬಾರಿ, ರಾತ್ರಿಯೂ ಸೇರಿ, ಮಗು ಬಯಸಿದಾಗಲೆಲ್ಲ ಉಣಿಸಬೇಕು. ತೊಟ್ಟನ್ನು ಮಾತ್ರವಲ್ಲ, ಅದರ ಸುತ್ತಲಿನ ಕಪ್ಪು ಭಾಗದ ಬಹುಪಾಲು ಮಗುವಿನ ಅಗಲವಾಗಿ ತೆರೆದ ಬಾಯೊಳಗಿರಬೇಕು, ಗಲ್ಲವು ಎದೆಗೆ ತಾಗಿರಬೇಕು. ನೋವು ಮುಂದುವರಿದರೆ ಹಿಡಿತ ಸರಿಯಿಲ್ಲವೆಂದೇ ಮೊದಲು ಭಾವಿಸಿ, ತಿಳಿದ ದಾದಿಗೆ ತೋರಿಸಬೇಕು. ಮೊದಲ ವಾರದ ಕೊನೆಗೆ ಮಗು ದಿನಕ್ಕೆ ಆರು ಬಾರಿಯಾದರೂ ಮೂತ್ರ ಮಾಡುತ್ತಿದ್ದರೆ, ಸುಮಾರು ಎರಡು ವಾರಗಳಲ್ಲಿ ಹುಟ್ಟಿದಾಗಿನ ತೂಕವನ್ನು ಮರಳಿ ಪಡೆದು ಮುಂದೆ ಬೆಳೆಯುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದರ್ಥ. ಹಾಗಾಗದಿದ್ದರೆ, ಮಗು ಸದಾ ಮಂಪರಿನಲ್ಲಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಆರು ತಿಂಗಳವರೆಗೆ, ಕಡುಬೇಸಗೆಯಲ್ಲೂ, ನೀರು ಬೇಡ. ಆ ಬಳಿಕ ಮೇಲಾಹಾರದೊಂದಿಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು ಮುಂದುವರಿಯಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಪುಟದಲ್ಲಿ ಮುಗಿಯುವ ಈ ತಿಳಿವಳಿಕೆಯನ್ನು ಮದುಮಗಳ ಸೀರೆಯ ಬಣ್ಣಕ್ಕೆ ತಿಂಗಳುಗಟ್ಟಲೆ ಚರ್ಚಿಸುವ ಕುಟುಂಬಗಳು ಅವಳಿಗೆ ಕೊಡುವುದಿಲ್ಲ.

ಆಸ್ಪತ್ರೆಗಳಾದರೂ ಕೊಡುತ್ತವೆಯೇ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಅಂಶಗಳನ್ನು ನೋಡಿ. 2015-16ರಲ್ಲಿ ದೇಶದ 78.9 ಶೇಕಡಾ ಹೆರಿಗೆಗಳು ಆಸ್ಪತ್ರೆಗಳಲ್ಲಾಗುತ್ತಿದ್ದವು; 2019-21ಕ್ಕೆ ಅದು 88.6 ಶೇಕಡಾಕ್ಕೇರಿತು. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಪಡೆದ ಮಕ್ಕಳ ಪ್ರಮಾಣ 41.6ರಿಂದ 41.8ಕ್ಕೆ ಮಾತ್ರ ಸರಿಯಿತು. ಅಂದರೆ ತಾಯಿ ಆಸ್ಪತ್ರೆಯನ್ನು ತಲುಪಿದ್ದಾಳೆ, ನೆರವು ತಾಯಿಯನ್ನು ತಲುಪಿಲ್ಲ. ಖಾಸಗಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯ ಹೆರಿಗೆ 47.4 ಶೇಕಡಾಕ್ಕೆ ಮುಟ್ಟಿದೆ. ಶಸ್ತ್ರಚಿಕಿತ್ಸೆಯಾದ ತಾಯಿಗೆ ಮಗುವನ್ನು ಎದೆಗೆ ಹಿಡಿಯಲು ಪಕ್ಕದಲ್ಲೊಬ್ಬರು ಬೇಕು. ಆ ಒಬ್ಬರ ಬದಲಿಗೆ ಡಬ್ಬ ಬರುತ್ತದೆ. ಶಿಶು ಹಾಲಿನ ಬದಲಿ ಆಹಾರಗಳ ಕುರಿತ 1992ರ ಕಾಯ್ದೆ ಮತ್ತು ಅದರ 2003ರ ತಿದ್ದುಪಡಿಯು ಪುಡಿಹಾಲು ಮತ್ತು ಬಾಟಲಿಗಳ ಜಾಹೀರಾತನ್ನೂ ಉಚಿತ ಮಾದರಿ ಹಂಚುವುದನ್ನೂ ವೈದ್ಯ-ದಾದಿಯರಿಗೆ ಉಡುಗೊರೆ ಕೊಡುವುದನ್ನೂ ನಿಷೇಧಿಸಿದೆ. ಈ ಕಾಯ್ದೆಯ ಹೆಸರನ್ನಾದರೂ ಕೇಳಿದ ಕುಟುಂಬಗಳೆಷ್ಟು?

ಇನ್ನು ತಂದೆಯ ಮಾತು. ತೊಟ್ಟಿಲಿಗೆ, ಅಕೀಕಾದ ಔತಣಕ್ಕೆ, ಚಿನ್ನಕ್ಕೆ ಸಾಲ ಮಾಡುವ ತಂದೆ ಬಾಣಂತಿಯ ತಟ್ಟೆಯಲ್ಲೇನಿದೆಯೆಂದು ನೋಡುವುದಿಲ್ಲ. ದಕ್ಷಿಣ ಕನ್ನಡದ ಎಷ್ಟೋ ಮನೆಗಳಲ್ಲಿ ಮಡಿಲಲ್ಲಿ ಮಗುವನ್ನೂ ಮೊರದಲ್ಲಿ ಬೀಡಿ ಎಲೆಯನ್ನೂ ಇಟ್ಟುಕೊಂಡು ಲೆಕ್ಕ ತುಂಬಿಸುವ ತಾಯಂದಿರಿದ್ದಾರೆ. ತಂಬಾಕಿನ ಧೂಳು ಇಬ್ಬರ ಉಸಿರಿಗೂ ಸೇರುತ್ತದೆ. ಗಲ್ಫಿನಲ್ಲಿರುವ ಗಂಡ ಫೋನಿನಲ್ಲಿ ಮಗುವಿನ ಮುಖ ನೋಡಿ ಸಂತೋಷಪಡುತ್ತಾನೆ. ನೀನು ನಿದ್ದೆ ಮಾಡಿ ಎಷ್ಟು ದಿನವಾಯಿತು ಎಂದು ಅವಳನ್ನು ಕೇಳುವುದಿಲ್ಲ. ಪ್ರವಾದಿ(ಸ)ಯವರು ಮನೆಯಲ್ಲಿದ್ದಾಗ ಮನೆಗೆಲಸಕ್ಕೆ ನೆರವಾಗುತ್ತಿದ್ದರೆಂದು ಆಯಿಶಾ(ರ) ತಿಳಿಸಿದ್ದಾರೆ. ಗಡ್ಡದಲ್ಲಿ ಸುನ್ನತ್ತನ್ನು ಕಾಣುವ ನಮಗೆ ಪಾತ್ರೆ ತೊಳೆಯುವುದರಲ್ಲಿ ಅದೇಕೆ ಕಾಣಿಸುವುದಿಲ್ಲ?

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ವಿಚ್ಛೇದನದಲ್ಲಿದೆ. ಅತ್ತಲಾಕ್ ಅಧ್ಯಾಯದ 6ನೆಯ ಸೂಕ್ತವು ವಿಚ್ಛೇದಿತೆಯು ಮಗುವಿಗೆ ಹಾಲುಣಿಸಿದರೆ ಅದಕ್ಕೆ ಪ್ರತಿಫಲ ನೀಡಬೇಕೆಂದು ವಿಧಿಸಿದೆ. ಹದಿನಾಲ್ಕು ಶತಮಾನಗಳ ಹಿಂದೆಯೇ ಹಾಲೂಡಿಕೆಯನ್ನು ಪ್ರತಿಫಲಕ್ಕೆ ಅರ್ಹವಾದ ಶ್ರಮವೆಂದು ಗುರುತಿಸಿದ ಗ್ರಂಥವಿದು. 1985ರ ಶಾಬಾನು ತೀರ್ಪಿನ ಬಳಿಕ ಸಮುದಾಯವು ಬೀದಿಗಿಳಿದು ಹೋರಾಡಿ 1986ರ ಕಾಯ್ದೆಯನ್ನು ಪಡೆಯಿತು. ಮಕ್ಕಳನ್ನು ತಾಯಿಯೇ ಸಾಕುತ್ತಿದ್ದರೆ ಪ್ರತಿ ಮಗುವಿನ ಜನನದಿಂದ ಎರಡು ವರ್ಷಗಳವರೆಗೆ ಮಾಜಿ ಪತಿಯು ನ್ಯಾಯಯುತ ಜೀವನಾಂಶ ಕೊಡಬೇಕೆಂದು ಅದರ 3ನೆಯ ಕಲಮು ಹೇಳುತ್ತದೆ. ಆ ಎರಡು ವರ್ಷಗಳು ಹಾಲೂಡಿಕೆಯ ಎರಡು ವರ್ಷಗಳನ್ನೇ ನೆನಪಿಸುತ್ತವೆ. ಹಾಗಾದರೆ ತಲಾಕ್ ಪತ್ರಕ್ಕೆ ಸಹಿ ಹಾಕಿಸುವ ನಮ್ಮ ಜಮಾಅತ್ ಕಮಿಟಿಗಳ ದಫ್ತರದಲ್ಲಿ ಈ ಎರಡು ವರ್ಷಗಳ ಕಾಲಮು ಇದೆಯೇ? ಮಕ್ಕಳ ಪೋಷಣೆಯ ಹೊಣೆ ಎರಡು ವರ್ಷಗಳಿಗೆ ಮುಗಿಯದೆಂದು 1997ರಲ್ಲಿ, ವಿಚ್ಛೇದಿತ ಮುಸ್ಲಿಮ್ ಮಹಿಳೆಗೆ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮಿನಡಿಯೂ ಹಕ್ಕಿದೆಯೆಂದು 2024ರಲ್ಲಿ ಸುಪ್ರೀಮ್ ಕೋರ್ಟ್ ಹೇಳಿತು. ಶರೀಅತ್ತಿನಲ್ಲಿ ಹಸ್ತಕ್ಷೇಪವೆಂದು ಗೊಣಗುವ ಮುನ್ನ, ನಮ್ಮ ಕೈಯಲ್ಲೇ ಇದ್ದ ಶರೀಅತ್ತನ್ನು ನಾವು ಜಾರಿಗೊಳಿಸಿದ್ದರೆ ಆ ತಾಯಿ ಕೋರ್ಟಿನ ಮೆಟ್ಟಿಲೇರಬೇಕಿತ್ತೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ.

ನಮ್ಮ ಈ ಮಾತುಗಳು ತಾಯಂದಿರ ಮೇಲೆ ಬೀಸುವ ಚಾಟಿಯಾಗಬಾರದು. ಕಾಯಿಲೆಯಿಂದ, ಔಷಧಿಯಿಂದ, ದೇಹದ ಅಶಕ್ತಿಯಿಂದ ಹಾಲುಣಿಸಲಾಗದ ತಾಯಂದಿರಿದ್ದಾರೆ. ಅವರನ್ನು ಅಪರಾಧಿಗಳನ್ನಾಗಿಸುವುದು ಕ್ರೌರ್ಯ. ಅದೇ 233ನೆಯ ಸೂಕ್ತವು ಬೇರೊಬ್ಬ ಸ್ತ್ರೀಯಿಂದ ಹಾಲುಣಿಸಲು ಅವಕಾಶ ಕೊಟ್ಟಿದೆ. ಸ್ವತಃ ಪ್ರವಾದಿ(ಸ)ಯವರು ಹಲೀಮಾರ ಎದೆಹಾಲು ಕುಡಿದು ಬೆಳೆದವರು. ಹಾಲುಣಿಸುವ ತಾಯಿಗೆ ರಮಝಾನಿನ ಉಪವಾಸದಲ್ಲೂ ಇಸ್ಲಾಮ್ ರಿಯಾಯಿತಿ ನೀಡಿದೆ. ಅಲ್ಲಾಹನೇ ಸಡಿಲಿಸಿದ್ದನ್ನು ನೆರೆಮನೆಯವರು ಬಿಗಿಗೊಳಿಸಬೇಕಾಗಿಲ್ಲ.

ಸರಕಾರದ ಪಾಲೂ ಇಲ್ಲಿದೆ. ಖಲೀಫಾ ಉಮರ್(ರ) ಆರಂಭದಲ್ಲಿ ಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಭತ್ಯೆ ನಿಗದಿಪಡಿಸಿದ್ದರು. ಒಂದು ರಾತ್ರಿ ಬಿಡದೆ ಅಳುತ್ತಿದ್ದ ಮಗುವಿನ ತಾಯಿಯನ್ನು ವಿಚಾರಿಸಿದಾಗ, ಆ ಭತ್ಯೆಗಾಗಿಯೇ ಆಕೆ ಅವಧಿಗೆ ಮುನ್ನ ಹಾಲು ಬಿಡಿಸುತ್ತಿರುವುದು ಅವರಿಗೆ ತಿಳಿಯಿತು. ಮರುದಿನವೇ ಹುಟ್ಟಿದ ಪ್ರತಿ ಮಗುವಿಗೂ ಭತ್ಯೆ ಘೋಷಿಸಿದರೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ನಮ್ಮ ದೇಶದಲ್ಲಿ 2017ರ ತಿದ್ದುಪಡಿಯು ವೇತನಸಹಿತ ಹೆರಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. ಅದು ಸಂಘಟಿತ ವಲಯದ ಉದ್ಯೋಗಿಗಳಿಗೆ ಸಿಕ್ಕಿತು. ಮನೆಗೆಲಸದ, ಕೂಲಿಯ, ಹೊಲಿಗೆಯ ಹೆಣ್ಣುಮಕ್ಕಳ ಅಳುವ ಮಗುವನ್ನು ಯಾವ ಆಡಳಿತಗಾರ ರಾತ್ರಿ ಕೇಳಿಸಿಕೊಂಡಿದ್ದಾನೆ? ಆಸ್ಪತ್ರೆಯಿಂದ ಮರಳಿದ ತಾಯಿಯ ಮನೆಗೆ 42 ದಿನಗಳೊಳಗೆ ಆರು ಬಾರಿ ಭೇಟಿ ಕೊಡಬೇಕಾದ ಆಶಾ ಕಾರ್ಯಕರ್ತೆಯರೇ ಗೌರವಧನಕ್ಕಾಗಿ ಪ್ರತಿಭಟಿಸಬೇಕಾಗಿ ಬಂದ ನಾಡಿದು.

ಆದರೂ ಸರಕಾರದ ಬಾಗಿಲು ತೆರೆಯುವವರೆಗೆ ಕಾಯಬೇಕಾಗಿಲ್ಲ. ನಿಕಾಹ್‌ಗೆ ಮುನ್ನ ವರನಿಗೆ ಆ 233ನೆಯ ಸೂಕ್ತವನ್ನು ಪೂರ್ತಿಯಾಗಿ ಓದಿ ಅರ್ಥ ಹೇಳುವ ಕೆಲಸವನ್ನು ಖತೀಬರು ಮುಂದಿನ ಶುಕ್ರವಾರದಿಂದಲೇ ಆರಂಭಿಸಬಹುದು. ಪ್ರತಿ ಮಹಲ್ಲಿನಲ್ಲಿ ಹಾಲೂಡಿ ಅನುಭವವಿರುವ ಇಬ್ಬರು ಹೆಂಗಸರಿಗೆ ತರಬೇತಿ ಕೊಡಿಸಿ, ಹೊಸ ಬಾಣಂತಿಯ ಮನೆಗೆ ಮೊದಲ ವಾರದಲ್ಲೇ ಕಳುಹಿಸುವುದಕ್ಕೆ ಮಿನಾರದ ಬಣ್ಣದಷ್ಟೂ ಖರ್ಚಿಲ್ಲ. ಬಡ ಬಾಣಂತಿಯ ಆರು ತಿಂಗಳ ಊಟಕ್ಕೆ ಝಕಾತ್ ನಿಧಿಯಿದೆ. ಮಸೀದಿ, ಮದ್ರಸ, ಮದುವೆ ಹಾಲ್‌ಗಳಲ್ಲಿ ತಾಯಿಯೊಬ್ಬಳು ಮುಜುಗರವಿಲ್ಲದೆ ಕುಳಿತು ಹಾಲುಣಿಸಬಲ್ಲ ಒಂದು ಕೋಣೆಯಾದರೂ ಇರಲಿ. ಎದೆಹಾಲು ಮಗುವಿನ ಹಕ್ಕು. ಆ ಹಕ್ಕನ್ನು ತಲುಪಿಸುವ ತಾಯಿಗೆ ಆಸರೆಯಾಗುವುದು ನಮ್ಮೆಲ್ಲರ ಮೇಲಿನ ಋಣ. ಅದನ್ನು ತೀರಿಸದವರಿಗೆ ಅವಳಿಗೆ ಉಪದೇಶ ಮಾಡುವ ಅಧಿಕಾರವಿಲ್ಲ.