ಬೂದಿ ಬಳಿದ ಮುಖ ಮತ್ತು ‘ಬಣ್ಣವಿಲ್ಲದ’ ಪೌಡರ್

ಎಣ್ಣೆ ಮುಖದ ಕಥೆಗಳು, ಭಾಗ 4

ಎಥ್ನಿಕ್ ಡೇ ಸಂಜೆ ಫ್ಲ್ಯಾಶ್ ಹಾಕಿ ತೆಗೆದ ಗ್ರೂಪ್ ಫೋಟೋ ನೋಡಿದ್ರಲ್ಲ? ಎರಡನೇ ಸಾಲಿನಲ್ಲಿ ಹಿಟ್ಟಿನ ಗಿರಣಿಯಿಂದ ಎದ್ದು ಬಂದ ಹಾಗೆ ಕಾಣುವವಳು ನಾನೇ. “ಎಂತ ಮಾರಾಯ್ತಿ, ಬೂದಿ ಬಳಿದದ್ದಾ?” ಅಂತ ಕೇಳಿದವರಿಗೆಲ್ಲ ಇದು ಉತ್ತರ.

ಮೂರು ವಾರದಿಂದ ಒಂದು ಟ್ರಾನ್ಸ್‌ಲೂಸೆಂಟ್ ಸೆಟ್ಟಿಂಗ್ ಪೌಡರ್ ಹಚ್ಚಿ ನೋಡ್ತಾ ಇದ್ದೇನೆ. ಒಳ್ಳೆಯದನ್ನು ಮೊದಲು ಹೇಳ್ತೇನೆ. ನಮ್ಮ ಮಂಗಳೂರಿನ ಸೆಕೆಯಲ್ಲೂ ಬೆಳಗ್ಗೆ 9ಕ್ಕೆ ಹಚ್ಚಿದರೆ 12ರ ತನಕ ಹಣೆ, ಮೂಗು ಹೊಳೆಯುವುದಿಲ್ಲ. ಆಮೇಲೆ ಪುನಃ ಎಣ್ಣೆ. ಅದಕ್ಕೆ ಪೌಡರನ್ನು ಬೈದು ಪ್ರಯೋಜನ ಇಲ್ಲ. ಚರ್ಮದ ಒಳಗಿನ ಗ್ರಂಥಿಗಳು ಜಿಡ್ಡು ಬಿಡ್ತಾನೇ ಇರ್ತವೆ. ಪೌಡರ್ ಮೇಲೆ ಬಂದದ್ದನ್ನು ಹೀರ್ತದೆ, ಬರುವುದನ್ನು ನಿಲ್ಲಿಸುವುದಿಲ್ಲ.

ನನ್ನ ತಕರಾರು ಬೇರೆ. ಟ್ರಾನ್ಸ್‌ಲೂಸೆಂಟ್ ಅಂದ್ರೆ ಪಾರದರ್ಶಕ ಅಲ್ಲ, ಅರೆಪಾರದರ್ಶಕ. ನನ್ನ ಡಬ್ಬಿಯಲ್ಲಿ ಇರುವುದು ಬಿಳಿ ಪುಡಿಯೇ. ತೆಳುವಾಗಿ ಹಚ್ಚಿದರೆ ಮಾಯ. ದಪ್ಪ ಹಚ್ಚಿದರೆ ನನ್ನಂಥ ಕಂದು ಮುಖದ ಮೇಲೆ ಬೂದಿ. ಇಂಥ ಹಲವು ಪೌಡರ್‌ಗಳಲ್ಲಿ ಸಿಲಿಕಾ ಇರ್ತದೆ, ಅದು ಫ್ಲ್ಯಾಶ್ ಬೆಳಕನ್ನು ವಾಪಸ್ ಎಸೀತದೆ. ಹಾಗಾಗಿ ಕನ್ನಡಿಯಲ್ಲಿ ಕಾಣದ್ದು ಫೋಟೋದಲ್ಲಿ ಕಾಣ್ತದೆ. “ಎಲ್ಲಾ ಬಣ್ಣಕ್ಕೂ ಹೊಂದುತ್ತದೆ” ಅಂತ ಬರೆಯುವ ಮೊದಲು ಯಾರ ಮುಖಕ್ಕೆ ಹಚ್ಚಿ ನೋಡಿದ್ರೋ!

ಫೋಟೋ ನೋಡಿದ ಕೂಡಲೇ ನನಗನಿಸಿದ್ದು, “ನನ್ನ ಬಣ್ಣಕ್ಕೆ ಇದೆಲ್ಲ ಆಗುವುದಿಲ್ಲ” ಅಂತ. ತಪ್ಪು ನೋಡಿ. ಹೊಂದದೆ ಇದ್ದದ್ದು ಪುಡಿ, ಮುಖ ಅಲ್ಲ.

ಇನ್ನೊಂದು ನಿಜವನ್ನೂ ಹೇಳಿಬಿಡ್ತೇನೆ. ಆ ದಿನ ನಾನು ಜಾಸ್ತಿ ಹಚ್ಚಿದ್ದು ಬರೀ ಜಿಡ್ಡಿಗಲ್ಲ. ಚಿಕ್ಕವರಿದ್ದಾಗ ಮದುವೆಗೆ ಹೊರಡುವಾಗ ಕುತ್ತಿಗೆ ತನಕ ಪೌಡರ್ ಬಳಿದು “ಈಗ ಬೆಳ್ಳಗೆ ಕಾಣ್ತಿ” ಅಂತಿದ್ರಲ್ಲ? ಆ ಮಾತು ಇನ್ನೂ ಕೈಯಲ್ಲೇ ಕೂತಿದೆ. ಜಿಡ್ಡಿಗೆ ಚಿಟಿಕೆ ಸಾಕು. ಚಿಟಿಕೆಗಿಂತ ಜಾಸ್ತಿ ಹಚ್ಚುವಾಗ ಯಾಕೆ ಅಂತ ನಿಮ್ಮನ್ನೇ ಕೇಳಿಕೊಳ್ಳಿ.

ಬಳಸುವವರಿಗೆ ನಾನು ಕಲಿತದ್ದಿಷ್ಟು: ಸನ್‌ಸ್ಕ್ರೀನ್ ಪೂರ್ತಿ ಒಣಗಲಿ. ಟಿಶ್ಯೂ ಒತ್ತಿ ಎಣ್ಣೆ ತೆಗೀರಿ. ಪಫ್‌ನಲ್ಲಿ ಸ್ವಲ್ಪವೇ ತಗೊಂಡು ಹಣೆ, ಮೂಗು, ಗಲ್ಲಕ್ಕೆ ಮಾತ್ರ ಒತ್ತಿ, ಉಜ್ಜಬೇಡಿ. ಮಧ್ಯಾಹ್ನ ಮತ್ತೆ ಹಚ್ಚುವುದಾದರೂ ಮೊದಲು ಟಿಶ್ಯೂ, ಆಮೇಲೆ ಪೌಡರ್. ಇಲ್ಲದಿದ್ರೆ ಪದರ ಕಟ್ತದೆ. ಪಫ್ ಆಗಾಗ ತೊಳೀರಿ. ಮನೆ ಬಿಡುವ ಮೊದಲು ಒಂದು ಫ್ಲ್ಯಾಶ್ ಸೆಲ್ಫಿ ತೆಗೆದು ನೋಡಿ. ಆಗಲೂ ಬೂದಿ ಕಂಡ್ರೆ ನಿಮ್ಮ ಬಣ್ಣಕ್ಕೆ ಹತ್ತಿರದ ಶೇಡ್ ಇರುವ ಪೌಡರ್ ಹುಡುಕಿ.

ಆ ಫೋಟೋ ನಾನು ಡಿಲೀಟ್ ಮಾಡುವುದಿಲ್ಲ. ಮುಂದಿನ ವರ್ಷದ್ದನ್ನು ಅದರ ಪಕ್ಕದಲ್ಲೇ ಹಾಕ್ತೇನೆ. ಮೂಗು ಸ್ವಲ್ಪ ಹೊಳೆದ್ರೂ ಅಡ್ಡಿಯಿಲ್ಲ, ಬಣ್ಣ ನನ್ನದೇ ಇರ್ತದೆ.

ನಿಮ್ಮ ಬೂದಿ ಫೋಟೋದ ಕಥೆ ಉಂಟಾ? ಕಾಮೆಂಟಲ್ಲಿ ಹೇಳಿ.

#ಎಣ್ಣೆಮುಖದಕಥೆಗಳು #ನನ್ನಬಣ್ಣನನ್ನದೇ